ಹಳೆಯ ಪಿಕಪ್ ಗಾಡಿಯ ವಿದ್ಯುತ್ ದೋಷಗಳು: ಮೊದಲು ಅಳೆಯಿರಿ, ಆಮೇಲೆ ಬದಲಾಯಿಸಿ



ರಾಸುಗಳ ಆರೋಗ್ಯ, ಮೇವು, ಹಾಲಿನ ಗುಣಮಟ್ಟ ಇವುಗಳ ಬಗ್ಗೆ ಈ ಪುಟಗಳಲ್ಲಿ ನೀವು ಓದುತ್ತಲೇ ಇರುತ್ತೀರಿ. ಈ ಸಲ ಕೊಟ್ಟಿಗೆಯಿಂದ ಹೊರಗೆ ಬಂದು ಗಾಡಿಯ ಬಾನೆಟ್ ಎತ್ತಿ ನೋಡೋಣ. ಅದಕ್ಕೆ ಕಾರಣವಿದೆ. ನಮ್ಮ ಎಷ್ಟೋ ಸದಸ್ಯರ ಮನೆಗಳಲ್ಲಿ ಇಂದು ಒಂದು ಪಿಕಪ್ ಗಾಡಿ ಇದೆ. ಬೆಳಿಗ್ಗೆ ಸಂಘದ ಕ್ಯಾನುಗಳನ್ನು ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸುವುದು, ಮಧ್ಯಾಹ್ನ ಪಶು ಆಹಾರದ ಮೂಟೆ ಮತ್ತು ಹಸಿ ಮೇವು ತರುವುದು, ಸಂತೆಯ ದಿನ ರಾಸು ಸಾಗಿಸುವುದು ಎಲ್ಲವೂ ಅದರಲ್ಲೇ. ಇವುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ, ಎರಡನೆಯ ಅಥವಾ ಮೂರನೆಯ ಕೈಗೆ ಬಂದ ಗಾಡಿಗಳು ಬಹಳ.

ಒಂದು ಗಾಡಿಯಲ್ಲಿ 40 ಲೀಟರಿನ 25 ಕ್ಯಾನುಗಳಿದ್ದರೆ 1,000 ಲೀಟರ್ ಹಾಲು. ಅದು ಹತ್ತಾರು ಮನೆಗಳ ಒಂದು ಹೊತ್ತಿನ ದುಡಿಮೆ. ಕೆಚ್ಚಲಿನಿಂದ ಬರುವಾಗ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಜೀವಿಗಳು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗಬಲ್ಲವು. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದ ಮೇಲಷ್ಟೇ ನೆಮ್ಮದಿ. ದಾರಿಯಲ್ಲಿ ಸೆಲ್ಫ್ ಹೊಡೆಯದೆ ಗಾಡಿ ಎರಡು ಗಂಟೆ ನಿಂತಿತೆಂದರೆ, ಕಾಯಿಸಿದಾಗ ಒಡೆಯುವ ಹಾಲು ಕೇಂದ್ರ ತಲುಪುತ್ತದೆ. ನಷ್ಟ ಗಾಡಿಯವನೊಬ್ಬನದಲ್ಲ.

ಸಾಮಾನ್ಯವಾಗಿ ಆಗುವುದೇನು? ಗಾಡಿ ಸ್ಟಾರ್ಟ್ ಆಗಲಿಲ್ಲವೆಂದು ಹೊಸ ಬ್ಯಾಟರಿ ಹಾಕಿಸುತ್ತಾರೆ. ಹದಿನೈದು ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿಸುತ್ತಾರೆ, ಅದಾದ ಮೇಲೆ ಡೈನಮೋ. ಸಾವಿರಾರು ರೂಪಾಯಿ ಖರ್ಚಾದ ಮೇಲೆ ದೋಷ ಸಿಗುವುದು ತುಕ್ಕು ಹಿಡಿದ ಒಂದು ಬೋಲ್ಟಿನಲ್ಲಿ! ಹಳೆಯ ಗಾಡಿಯ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲು ದೊಡ್ಡ ಬಿಡಿಭಾಗದಲ್ಲಿ ಇರುವುದಿಲ್ಲ, ಕೂಡುಗಳಲ್ಲಿ ಇರುತ್ತದೆ. ಅದನ್ನು ಕಣ್ಣಳತೆಯಿಂದ ಹೇಳಲಾಗದು, ಮೀಟರಿನಿಂದ ಹೇಳಬಹುದು. ಹೇಗೆಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಗಾಡಿಯಲ್ಲಿ ವಿದ್ಯುತ್ ಹರಿಯುವ ಬಗೆ

ಪಿಕಪ್ ಗಾಡಿಯಲ್ಲಿ 12 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಸ್ಟಾರ್ಟ್ ಮಾಡಲು ಬೇಕಾದ ಶಕ್ತಿಯನ್ನು ಅದು ಕೊಡುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್, ಅಂದರೆ ನಾವು ರೂಢಿಯಲ್ಲಿ ಡೈನಮೋ ಎನ್ನುವ ಯಂತ್ರ, ದೀಪ ಹಾರ್ನುಗಳಿಗೆ ವಿದ್ಯುತ್ ಒದಗಿಸಿ, ಬ್ಯಾಟರಿಯನ್ನೂ ತುಂಬುತ್ತದೆ. ಮನೆಯ ಹಣಕಾಸಿಗೆ ಹೋಲಿಸುವುದಾದರೆ ಬ್ಯಾಟರಿ ಉಳಿತಾಯದ ಖಾತೆ, ಡೈನಮೋ ದಿನದ ಸಂಪಾದನೆ.

ಬ್ಯಾಟರಿಯ ಪ್ಲಸ್ ಕಡೆಯಿಂದ ಪ್ರತಿ ಸಾಮಾನಿಗೂ ವೈರ್ ಹೋಗುತ್ತದೆ. ಆದರೆ ಹಿಂದಿರುಗಿ ಬರಲು ಬಹುತೇಕ ಬೇರೆ ವೈರ್ ಇರುವುದಿಲ್ಲ. ಗಾಡಿಯ ಕಬ್ಬಿಣವೇ, ಅಂದರೆ ಚಾಸಿ, ಬಾಡಿ ಮತ್ತು ಎಂಜಿನ್, ವಾಪಸು ಬರುವ ದಾರಿ. ಇದನ್ನೇ ಮೆಕ್ಯಾನಿಕ್‌ಗಳು ಬಾಡಿ ಅರ್ತ್ ಎನ್ನುವುದು. ಎಂಜಿನ್ ಮಾತ್ರ ರಬ್ಬರ್ ಗಟ್ಟಿಗಳ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ ಹರಿಯದು. ಆದ್ದರಿಂದ ಎಂಜಿನ್ ಮತ್ತು ಚಾಸಿಯ ನಡುವೆ ಒಂದು ದಪ್ಪ ಹೆಣೆದ ಪಟ್ಟಿ ಅಥವಾ ಕೇಬಲ್ ಕಟ್ಟಿರುತ್ತಾರೆ. ಹಳೆಯ ಗಾಡಿಯಲ್ಲಿ ಎಲ್ಲರೂ ಮರೆಯುವ ಜಾಗ ಇದೇ.

ನಿಮ್ಮ ಪಂಪ್‌ಸೆಟ್ಟನ್ನು ನೆನೆಸಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ದೂರವಿದ್ದು ತಂತಿ ಸಣ್ಣದಾಗಿದ್ದರೆ ಮೋಟಾರ್ ಗುಂಯ್ ಎನ್ನುತ್ತದೆ, ಎತ್ತುವುದಿಲ್ಲ. ಮೋಟಾರ್ ಕೆಟ್ಟಿಲ್ಲ, ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಗಾಡಿಯಲ್ಲೂ ಹಾಗೆಯೇ. ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ಸರಳ ನಿಯಮವಿದೆ: ಹರಿಯುವ ಆಂಪಿಯರನ್ನು ದಾರಿಯ ತಡೆಯಿಂದ ಗುಣಿಸಿದರೆ ಕಳೆದುಹೋಗುವ ವೋಲ್ಟ್ ಸಿಗುತ್ತದೆ. ಡೀಸೆಲ್ ಎಂಜಿನ್ನಿನ ಸೆಲ್ಫ್ ಮೋಟಾರ್ ಸುಮಾರು 200 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಕಿಲುಬು ಹಿಡಿದ ಒಂದು ಕೂಡಿನ ತಡೆ 0.01 ಓಮ್ ಮಾತ್ರ. 200ನ್ನು 0.01ರಿಂದ ಗುಣಿಸಿದರೆ 2 ವೋಲ್ಟ್. ಅಂದರೆ 12 ವೋಲ್ಟಿನಲ್ಲಿ 2 ವೋಲ್ಟ್ ಆ ಒಂದೇ ಬೋಲ್ಟಿನಲ್ಲಿ ಬಿಸಿಯಾಗಿ ಹೋಯಿತು. ಅದೇ ಕೂಡಿನಲ್ಲಿ 5 ಆಂಪಿಯರಿನ ದೀಪ ಉರಿಸಿದರೆ ಕಳೆಯುವುದು 0.05 ವೋಲ್ಟ್. ಆದ್ದರಿಂದಲೇ ದೀಪ ಚೆನ್ನಾಗಿ ಉರಿದರೂ ಸೆಲ್ಫ್ ಹೊಡೆಯದಿರಬಹುದು. ‘ಲೈಟು ಉರೀತಿದೆ, ಹಾಗಾದರೆ ವೈರಿಂಗ್ ಸರಿ ಇದೆ’ ಎನ್ನುವ ಮಾತು ತಪ್ಪು.

ಹಾಲಿನ ಗಾಡಿಗೇ ಬರುವ ಕೆಲವು ಕಷ್ಟಗಳು

ನಮ್ಮ ಗಾಡಿಗಳಲ್ಲಿ ಕೂಡುಗಳು ಬೇಗ ಕೆಡಲು ವಿಶೇಷ ಕಾರಣಗಳಿವೆ.

1. ಚೆಲ್ಲಿದ ಹಾಲು ಹುಳಿಯುತ್ತದೆ. ಹುಳಿ ಎಂದರೆ ಆಮ್ಲ. ಅದು ಹಲಗೆಯ ಸಂದಿಯಿಂದ ಇಳಿದು ಚಾಸಿಯ ಮೇಲಿನ ಅರ್ತ್ ಬೋಲ್ಟುಗಳನ್ನೂ ಹಿಂದಿನ ದೀಪಗಳ ಸಾಕೆಟ್ಟನ್ನೂ ತಿನ್ನುತ್ತದೆ.

2. ಗಾಡಿಯನ್ನು ದಿನವೂ ತೊಳೆಯುತ್ತೇವೆ. ಶುಚಿತ್ವಕ್ಕೆ ಅದು ಬೇಕೇ ಬೇಕು. ಆದರೆ ಪೈಪಿನ ನೀರನ್ನು ದೀಪದ ಸಾಕೆಟ್ಟಿಗೆ, ಫ್ಯೂಸ್ ಪೆಟ್ಟಿಗೆಗೆ, ಡೈನಮೋಗೆ ನೇರವಾಗಿ ಹಾಯಿಸಬಾರದು.

3. ರಾಸು ಸಾಗಿಸಿದಾಗ ಗಂಜಲ ಹಲಗೆಯ ಕೆಳಗೆ ಇಳಿಯುತ್ತದೆ. ಅದರಲ್ಲಿರುವ ಲವಣ ಕಬ್ಬಿಣಕ್ಕೂ ತಾಮ್ರಕ್ಕೂ ಶತ್ರು. ಖನಿಜ ಮಿಶ್ರಣದ, ಉಪ್ಪಿನ ಚೀಲ ಹರಿದು ಚೆಲ್ಲಿದರೂ ಅಷ್ಟೆ. ಅಂಥ ದಿನ ಹಲಗೆಯ ಅಡಿಯನ್ನು ಒಳ್ಳೆಯ ನೀರಿನಿಂದ ತೊಳೆದು ಒಣಗಲು ಬಿಡಿ.

4. ಹಿಂಡಿ ಬೂಸಾದ ವಾಸನೆಗೆ ಇಲಿಗಳು ಬರುತ್ತವೆ. ಬಂದ ಇಲಿ ವೈರಿನ ಹೊದಿಕೆಯನ್ನು ಕಡಿಯದೆ ಹೋಗುವುದಿಲ್ಲ. ಬಾನೆಟ್ ಒಳಗೆ ಹಿಕ್ಕೆ ಕಂಡರೆ ವೈರುಗಳನ್ನು ಒಂದೊಂದಾಗಿ ನೋಡಿ.

5. ನಸುಕಿನಲ್ಲಿ ಸಂಘದ ಮುಂದೆ ಕ್ಯಾನು ತುಂಬುವಾಗ ಬೆಳಕಿಗೆಂದು ಎಂಜಿನ್ ನಿಲ್ಲಿಸಿ ಹೆಡ್‌ಲೈಟ್ ಉರಿಸುವ ಅಭ್ಯಾಸವಿದೆ. ಲೆಕ್ಕ ಹಾಕಿ ನೋಡಿ. ಒಂದು ಸಲ 5 ಸೆಕೆಂಡ್ ಸೆಲ್ಫ್ ಹೊಡೆದರೆ 200 ಆಂಪಿಯರಿನಂತೆ ಖರ್ಚಾಗುವುದು ಸುಮಾರು 0.28 ಆಂಪಿಯರ್ ಗಂಟೆ. ಎರಡು ಹೆಡ್‌ಲೈಟ್ ಮತ್ತು ಸಣ್ಣ ದೀಪಗಳು ಸೇರಿ ಸುಮಾರು 11 ಆಂಪಿಯರ್ ಎಳೆಯುತ್ತವೆ, ಅರ್ಧ ಗಂಟೆಗೆ 5.5 ಆಂಪಿಯರ್ ಗಂಟೆ. ಅಂದರೆ ಅರ್ಧ ಗಂಟೆ ಬೆಳಕಿಗೆ ಇಪ್ಪತ್ತು ಸಲ ಸೆಲ್ಫ್ ಹೊಡೆಯುವಷ್ಟು ಬ್ಯಾಟರಿ ಖಾಲಿ. ಇದಕ್ಕೆ ಒಂದು ಕೈ ಬ್ಯಾಟರಿ ದೀಪ ಸಾಕು.

ಬೇಕಾದ ಸಾಮಾನು ಮತ್ತು ಎಚ್ಚರಿಕೆ

ಒಂದು ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿ ನೀರು ನೋಡುವ ಹೈಡ್ರೋಮೀಟರ್, ಸ್ಪ್ಯಾನರ್‌ಗಳು, ಎಮರಿ ಪೇಪರ್, ತಂತಿಯ ಬ್ರಷ್, ಸ್ವಲ್ಪ ವ್ಯಾಸಲೀನ್. ಸಾದಾ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಬ್ಯಾಟರಿಯ ಬೆಲೆಯ ಮುಂದೆ ಅದು ಏನೂ ಅಲ್ಲ. ಒಬ್ಬರಿಗೆ ಭಾರವೆನಿಸಿದರೆ ನಾಲ್ಕು ಜನ ಸೇರಿ ಕೊಂಡು ಹಂಚಿಕೊಳ್ಳಬಹುದು.

ಕೆಲಸಕ್ಕೆ ಮೊದಲು ಕೈಯ ಉಂಗುರ, ಗಡಿಯಾರ, ಕಡಗ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ತುಂಬುವಾಗ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಒಂದು ಕಿಡಿಗೆ ಸಿಡಿಯಬಲ್ಲದು. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಆಸಿಡ್ ಕೈಗೆ ಅಥವಾ ಕಣ್ಣಿಗೆ ತಗುಲಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ, ಕಣ್ಣಾದರೆ ವೈದ್ಯರಲ್ಲಿಗೆ ಹೋಗಿ.

ಮೊದಲ ಪರೀಕ್ಷೆ: ಬ್ಯಾಟರಿ

ಸಂಘದಲ್ಲಿ ಲ್ಯಾಕ್ಟೋಮೀಟರ್ ನಿಮಗೆ ಚೆನ್ನಾಗಿ ಗೊತ್ತು. ಹಾಲಿನ ಸಾಂದ್ರತೆ ನೋಡಿ ನೀರು ಬೆರೆತಿದೆಯೇ ಎಂದು ಅದು ಸೂಚಿಸುತ್ತದೆ. ಹೈಡ್ರೋಮೀಟರ್ ಅದರ ಒಡಹುಟ್ಟು. ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅದು ತೋರಿಸುತ್ತದೆ. ಬ್ಯಾಟರಿ ಖಾಲಿಯಾದಂತೆ ಆಸಿಡ್ ತೆಳುವಾಗುತ್ತದೆ. ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ಸುಮಾರು 1.250 ತೋರಿಸಬೇಕು. 1.200ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಬೇಕು. ಆರು ಮನೆಗಳಲ್ಲಿ ಐದು ಒಂದೇ ಸಮ ಇದ್ದು, ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಮನೆ ಕೆಟ್ಟಿದೆ. ಆ ಬ್ಯಾಟರಿಗೆ ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ.

ಮುಚ್ಚಳವಿಲ್ಲದ ಸೀಲ್ ಬ್ಯಾಟರಿಯಾದರೆ ಮೀಟರನ್ನೇ ನಂಬಬೇಕು. ಮೀಟರನ್ನು 20 ಡಿ.ಸಿ. ವೋಲ್ಟಿಗೆ ಇಡಿ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮೊದಲು ನೋಡಿ:

12.6 ವೋಲ್ಟ್ ಅಥವಾ ಮೇಲೆ: ಪೂರ್ತಿ ತುಂಬಿದೆ.
12.4 ವೋಲ್ಟ್: ಮುಕ್ಕಾಲು ಭಾಗ.
12.2 ವೋಲ್ಟ್: ಅರ್ಧ.
12.0 ವೋಲ್ಟ್: ಕಾಲು ಭಾಗ. ಹೀಗೆಯೇ ಬಿಟ್ಟರೆ ಪ್ಲೇಟುಗಳು ಗಟ್ಟಿಕಟ್ಟಿ ಬ್ಯಾಟರಿ ಹಾಳಾಗುತ್ತದೆ.

ಆಮೇಲೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ನೋಡಲಿ. ತುಂಬಿದ ಒಳ್ಳೆಯ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಸುಮಾರು 10 ವೋಲ್ಟಿನ ಮೇಲೆಯೇ ನಿಲ್ಲುತ್ತದೆ. 12.6 ಇದ್ದದ್ದು ಸೆಲ್ಫ್ ಹೊಡೆದೊಡನೆ 8ಕ್ಕೋ 7ಕ್ಕೋ ಬಿದ್ದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಸೆಲ್ಫ್ ಮೋಟಾರ್ ಬಿಗಿದುಕೊಂಡು ವಿಪರೀತ ಎಳೆಯುತ್ತಿದೆ. 10ರ ಮೇಲೆಯೇ ನಿಂತಿದ್ದು ಎಂಜಿನ್ ಮಾತ್ರ ನಿಧಾನ ತಿರುಗಿದರೆ ಬ್ಯಾಟರಿಯ ತಪ್ಪಿಲ್ಲ. ಹೊಸದಕ್ಕೆ ಹಣ ಕೊಡುವ ಮುನ್ನ ಮುಂದಿನ ಪರೀಕ್ಷೆ ಮಾಡಿ.

ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ಇಳಿದಾಗ ಆಸಿಡ್ ತುಂಬಿಸುವುದೂ ತಪ್ಪು. ಆವಿಯಾಗಿ ಹೋಗುವುದು ನೀರೇ ಹೊರತು ಆಸಿಡ್ ಅಲ್ಲ.

ಎರಡನೆಯ ಪರೀಕ್ಷೆ: ದಾರಿಯಲ್ಲಿ ಕಳೆಯುವ ವೋಲ್ಟ್

ಈ ಪಾಠದ ಮುಖ್ಯ ಭಾಗ ಇದು. ದಯವಿಟ್ಟು ನಿಧಾನವಾಗಿ ಓದಿ. ಈ ಪರೀಕ್ಷೆಗೆ ಯಾವ ವೈರನ್ನೂ ಬಿಚ್ಚಬೇಕಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಮೀಟರಿನ ವೈರ್, ಸೆರಗು, ಟವಲ್ ದೂರವಿರಲಿ. ಮೀಟರನ್ನು 20 ಡಿ.ಸಿ. ವೋಲ್ಟಿಗೇ ಇಡಿ.

ಅರ್ತ್ ಕಡೆ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆಯೇ ಇಡಿ, ಕ್ಲಾಂಪಿನ ಮೇಲಲ್ಲ. ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ, ಶುದ್ಧ ಲೋಹದ ಜಾಗಕ್ಕೆ ಒತ್ತಿ. ಸೆಲ್ಫ್ ಹೊಡೆಯಿಸಿ. ಮೀಟರ್ 0.3 ವೋಲ್ಟಿನೊಳಗೆ ಇರಬೇಕು.

ಪ್ಲಸ್ ಕಡೆ: ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿಗೆ ದಪ್ಪ ಕೇಬಲ್ ಸೇರುವ ಬೋಲ್ಟಿಗೆ. ಸೆಲ್ಫ್ ಹೊಡೆಯುವಾಗ 0.5 ವೋಲ್ಟಿನೊಳಗೆ ಇರಬೇಕು.

ಮೀಟರ್ ಇದಕ್ಕಿಂತ ಹೆಚ್ಚು ತೋರಿಸಿದರೆ ಆ ಎರಡು ಕಡ್ಡಿಗಳ ನಡುವೆಯೇ ದೋಷವಿದೆ. ಈಗ ದೂರದ ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಬ್ಯಾಟರಿಯ ಕಡೆಗೆ ತನ್ನಿ: ಎಂಜಿನ್, ಎಂಜಿನ್ ಪಟ್ಟಿಯ ಬೋಲ್ಟ್, ಚಾಸಿ, ಮೈನಸ್ ಕೇಬಲ್ಲಿನ ತುದಿ, ಕೊನೆಗೆ ಕ್ಲಾಂಪ್. ಪ್ರತಿ ಹೆಜ್ಜೆಗೂ ಸೆಲ್ಫ್ ಹೊಡೆಯಿಸಿ. ಯಾವ ಹೆಜ್ಜೆಯಲ್ಲಿ ಅಂಕಿ ಒಮ್ಮೆಲೇ ಇಳಿಯುತ್ತದೆಯೋ ಆ ಕೂಡಿನಲ್ಲೇ ಕಳ್ಳನಿದ್ದಾನೆ. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಒಂದು ಉದಾಹರಣೆ ನೋಡೋಣ. ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುವಾಗ 10.8 ವೋಲ್ಟ್ ಇದೆ, ಪರವಾಗಿಲ್ಲ. ಪ್ಲಸ್ ಕಡೆ ಕಳೆಯುವುದು 0.3, ಅದೂ ಸರಿ. ಅರ್ತ್ ಕಡೆ ಕಳೆಯುವುದು 1.9 ವೋಲ್ಟ್! ಹಾಗಾದರೆ ಸೆಲ್ಫ್ ಮೋಟಾರಿಗೆ ಸಿಕ್ಕಿದ್ದು 8.6 ವೋಲ್ಟ್ ಮಾತ್ರ. ಈ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ಅದರ ಹೊಸ ಬಲದಿಂದ ಕೆಲವು ದಿನ ಸ್ಟಾರ್ಟ್ ಆಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ಎಂಜಿನ್ ಪಟ್ಟಿ ಬಿಚ್ಚಿ, ಎರಡೂ ತುದಿಯನ್ನು ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ ಬಿಗಿದರೆ ಕೆಲಸ ಮುಗಿಯಿತು. ಪಟ್ಟಿಯ ಎಳೆಗಳೇ ಹರಿದಿದ್ದರೆ ಅಷ್ಟೇ ದಪ್ಪದ ಹೊಸದು ಹಾಕಿಸಿ. ತೆಳು ವೈರ್ ಕಟ್ಟಿದರೆ ಸಾಲದು, ಅದು ಕಾದು ಸುಡುತ್ತದೆ.

ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಬೆಳೆದಿದ್ದರೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಿರಿ. ಆ ನೀರು ಬ್ಯಾಟರಿಯ ಮನೆಯೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒರೆಸಿ, ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ವ್ಯಾಸಲೀನ್ ಹಚ್ಚಬೇಕಾದ್ದು ಬಿಗಿದ ಮೇಲೆ, ಮೇಲ್ಭಾಗಕ್ಕೆ. ಅದು ಗಾಳಿ ತೇವಗಳನ್ನು ತಡೆಯಲಿಕ್ಕೆ ಮಾತ್ರ.

ಮೂರನೆಯ ಪರೀಕ್ಷೆ: ಡೈನಮೋ ತುಂಬುತ್ತಿದೆಯೇ?

ಹಳೆಯ ಡೀಸೆಲ್ ಗಾಡಿಯಲ್ಲಿ ಒಂದು ಮೋಸವಿದೆ. ಡೀಸೆಲ್ ಪಂಪು ಪೂರ್ಣ ಯಾಂತ್ರಿಕವಾಗಿದ್ದರೆ, ಒಮ್ಮೆ ಸ್ಟಾರ್ಟ್ ಆದ ಎಂಜಿನ್ ಓಡಲು ವಿದ್ಯುತ್ ಹೆಚ್ಚೇನೂ ಬೇಕಿಲ್ಲ. ಆದ್ದರಿಂದ ಡೈನಮೋ ಸತ್ತಿದ್ದರೂ ಗಾಡಿ ಓಡುತ್ತಲೇ ಇರುತ್ತದೆ. ದಾರಿಯಲ್ಲಿ ಒಮ್ಮೆ ನಿಲ್ಲಿಸಿದಾಗ ಗುಟ್ಟು ಬಯಲಾಗುತ್ತದೆ. ಮುನ್ಸೂಚನೆ ಕೊಡುವುದು ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ. ಕೀಲಿ ತಿರುಗಿಸಿದಾಗ ಅದು ಹೊತ್ತಬೇಕು, ಎಂಜಿನ್ ಓಡಿದ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗ ಹೊತ್ತದೇ ಇದ್ದರೆ ನಿಶ್ಚಿಂತರಾಗಬೇಡಿ. ಆ ಬಲ್ಬೇ ಹೋಗಿರಬಹುದು. ಹಲವು ಹಳೆಯ ಡೈನಮೋಗಳು ಕೆಲಸ ಆರಂಭಿಸಲು ಆ ಬಲ್ಬಿನ ಮೂಲಕ ಬರುವ ವಿದ್ಯುತ್ತೇ ಬೇಕು.

ಎಂಜಿನ್ನನ್ನು ಸ್ವಲ್ಪ ವೇಗವಾಗಿ ಓಡಿಸಿ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಇದ್ದರೆ ಸರಿ. ಹೆಡ್‌ಲೈಟ್ ಹಾಕಿದಾಗಲೂ 13ಕ್ಕಿಂತ ಸಾಕಷ್ಟು ಮೇಲೆ ನಿಲ್ಲಬೇಕು. 12.5ರಲ್ಲೇ ನಿಂತಿದ್ದರೆ ತುಂಬುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಆಗ ಬ್ಯಾಟರಿ ನೀರು ಬೇಗ ಬತ್ತುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಹೋಗುತ್ತವೆ.

ತುಂಬದಿದ್ದರೆ ಡೈನಮೋ ಬಿಚ್ಚಿಸುವ ಮೊದಲು ಎಂಜಿನ್ ನಿಲ್ಲಿಸಿ ಬೆಲ್ಟ್ ನೋಡಿ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಹೆಚ್ಚು ತಗ್ಗಿದರೆ ಬೆಲ್ಟ್ ಜಾರುತ್ತಿದೆ. ಆಮೇಲೆ ಡೈನಮೋದ ಹಿಂಬದಿಯ ದಪ್ಪ ವೈರಿನ ಬೋಲ್ಟ್ ಬಿಗಿ ಇದೆಯೇ, ಕಪ್ಪಾಗಿ ಸುಟ್ಟಿದೆಯೇ ನೋಡಿ.

ಗಮನಿಸಿ: ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಸರಿ ಇದೆಯೇ’ ಎಂದು ನೋಡುವ ಪದ್ಧತಿ ಕೆಲವೆಡೆ ಇದೆ. ಇದನ್ನು ಎಂದೂ ಮಾಡಬೇಡಿ, ಯಾರಿಗೂ ಮಾಡಲು ಬಿಡಬೇಡಿ. ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ವೋಲ್ಟೇಜ್ ಚಿಮ್ಮಿ ಡಯೋಡುಗಳು ಸುಡಬಹುದು. ಸರಿ ಇದ್ದ ಡೈನಮೋ ಪರೀಕ್ಷೆಯಿಂದಲೇ ಕೆಡುತ್ತದೆ.

ನಾಲ್ಕನೆಯ ಪರೀಕ್ಷೆ: ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯುವುದು

ಸಂಜೆ ಸರಿ ಇದ್ದ ಗಾಡಿ ಬೆಳಿಗ್ಗೆ ಏಳುವುದಿಲ್ಲವೆಂದರೆ ಎಲ್ಲೋ ಸೋರಿಕೆ ಇದೆ. 5 ವ್ಯಾಟಿನ ಒಂದು ಸಣ್ಣ ಬಲ್ಬ್ ಆರದೆ ಉಳಿದರೆ ದಿನಕ್ಕೆ ಸುಮಾರು 10 ಆಂಪಿಯರ್ ಗಂಟೆ ಹೋಗುತ್ತದೆ. 80 ಆಂಪಿಯರ್ ಗಂಟೆಯ ಬ್ಯಾಟರಿ ನಾಲ್ಕು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಹುಡುಕುವ ಕ್ರಮ: ಎಲ್ಲವನ್ನೂ ಆರಿಸಿ, ಬಾಗಿಲು ಮುಚ್ಚಿ, ಕೀಲಿ ತೆಗೆಯಿರಿ. ಮೀಟರನ್ನು 10 ಆಂಪಿಯರಿಗೆ ಇಟ್ಟು, ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಬದಲಾಯಿಸಿ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಕಂಬದ ನಡುವೆ ಮೀಟರ್ ಸೇರಿಸಿ. ಮೀಟರ್ 0.05 ಆಂಪಿಯರಿನೊಳಗೆ ತೋರಿಸಬೇಕು. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಆ ಸಾಲಿನಲ್ಲಿ ದೋಷ. ಯಾವ ಫ್ಯೂಸಿಗೂ ಇಳಿಯದಿದ್ದರೆ ಡೈನಮೋದ ಡಯೋಡ್ ಸೋರುತ್ತಿರಬಹುದು, ಇಲ್ಲವೇ ಯಾರೋ ಫ್ಯೂಸಿಲ್ಲದೆ ಬ್ಯಾಟರಿಯಿಂದ ನೇರವಾಗಿ ಹಾರ್ನ್, ಟೇಪ್ ಎಳೆದಿರಬಹುದು. ಮೀಟರ್ ಹೀಗೆ ನಡುವೆ ಇರುವಾಗ ಸೆಲ್ಫ್ ಹೊಡೆಯಬಾರದು, ಮೀಟರ್ ಸುಡುತ್ತದೆ. ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟಿನ ತೂತಿಗೆ ವಾಪಸು ಹಾಕಲು ಮರೆಯದಿರಿ.

ದೀಪಗಳ ವಿಚಿತ್ರ ವರ್ತನೆ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪ ಕುಣಿಯುತ್ತದೆ. ಇದು ಬಹುತೇಕ ಹಿಂದಿನ ದೀಪದ ಅರ್ತ್ ಹೋದ ಲಕ್ಷಣ. ವಾಪಸು ಹೋಗುವ ದಾರಿ ಸಿಗದ ವಿದ್ಯುತ್, ಪಕ್ಕದ ಬಲ್ಬಿನ ಮೂಲಕ ಅಡ್ಡದಾರಿ ಹಿಡಿಯುತ್ತದೆ. ದೀಪದ ಅರ್ತ್ ವೈರನ್ನು ಚಾಸಿಗೆ ಸೇರಿಸುವ ತಿರುಪು ಬಿಚ್ಚಿ ಉಜ್ಜಿ ಬಿಗಿಯಿರಿ.

ಹೆಡ್‌ಲೈಟ್ ಮಂಕಾಗಿದ್ದರೆ ಹೆಚ್ಚು ವ್ಯಾಟಿನ ಬಲ್ಬ್ ಹಾಕಿಸುವ ಆತುರ ಬೇಡ. ಬಲ್ಬಿಗೆ ತಲುಪುವ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಕಡಿಮೆಯಾಗುತ್ತದೆ. ದೀಪ ಉರಿಸಿ ಬ್ಯಾಟರಿಯ ಹತ್ತಿರ ಒಮ್ಮೆ, ಬಲ್ಬಿನ ಸಾಕೆಟ್ಟಿನ ಹಿಂದೆ ಒಮ್ಮೆ ಅಳೆಯಿರಿ. ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ದಾರಿಯಲ್ಲಿದೆ. ದಪ್ಪ ಬಲ್ಬ್ ಹಾಕಿದರೆ ಅದೇ ಹಳೆಯ ವೈರು, ಸ್ವಿಚ್ಚುಗಳು ಇನ್ನಷ್ಟು ಕಾಯುತ್ತವೆ. ನಸುಕಿನಲ್ಲಿ ಹಿಂದಿನ ಕೆಂಪು ದೀಪವಿಲ್ಲದೆ ಹೆದ್ದಾರಿಗೆ ಇಳಿಯುವುದು ಪ್ರಾಣಾಪಾಯ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಫ್ಯೂಸು: ಇದರಲ್ಲಿ ರಾಜಿ ಬೇಡ

ಫ್ಯೂಸ್ ಎಂಬುದು ಬೇಕೆಂದೇ ಇಟ್ಟ ಬಲಹೀನ ಕೊಂಡಿ. ವೈರ್ ಸುಡುವ ಮೊದಲು ತಾನು ಸುಟ್ಟು ಗಾಡಿ ಉಳಿಸುತ್ತದೆ. ಪದೇ ಪದೇ ಹೋಗುತ್ತದೆಂದು ತಂತಿ ಸುತ್ತುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಹಾಕುವುದು, 10ರ ಜಾಗಕ್ಕೆ 30 ಸಿಕ್ಕಿಸುವುದು ಎಲ್ಲವೂ ಬೆಂಕಿಗೆ ಕೊಟ್ಟ ಆಹ್ವಾನ. ಹಿಂದೆ ಒಣ ಹುಲ್ಲು ಹೇರಿದ್ದರೆ ಪರಿಣಾಮ ಊಹಿಸಿಕೊಳ್ಳಿ. ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಗುರುತಿದೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಹೋದ ಬಣ್ಣದ ಜಾಗಕ್ಕೆ ಅದೇ ಬಣ್ಣ. ಎರಡನೆಯ ಸಲವೂ ಹೋದರೆ ಶಾರ್ಟ್ ಎಲ್ಲಿದೆ ಎಂದು ಹುಡುಕಬೇಕು. ಚಾಸಿಯ ಅಂಚಿಗೆ ಉಜ್ಜುವ ವೈರ್, ಇಲಿ ಕಡಿದ ಜಾಗ, ನೀರು ಕಟ್ಟಿದ ಸಾಕೆಟ್, ಇವನ್ನು ಮೊದಲು ನೋಡಿ.

ಸೆಲ್ಫ್ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿಗೆ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದು ಕಬ್ಬಿಣಕ್ಕೆ ಉಜ್ಜುವ ಕಡೆ ರಬ್ಬರ್ ಪೈಪ್ ಹೊದಿಸಿ ಕಟ್ಟಿಸಿ. ಹೊಸದಾಗಿ ಏನೇ ಸೇರಿಸಿದರೂ ಬ್ಯಾಟರಿಯ ಹತ್ತಿರವೇ ಅದಕ್ಕೆ ಬೇರೆ ಫ್ಯೂಸ್ ಹಾಕಿಸಿ.

ಹಾಲು ತುಂಬಿದ ಗಾಡಿ ದಾರಿಯಲ್ಲಿ ನಿಂತರೆ

ಮೊದಲು ಹಾಲಿನ ಯೋಚನೆ. ಕೇಂದ್ರಕ್ಕೂ ಸಂಘದ ಕಾರ್ಯದರ್ಶಿಗೂ ಫೋನ್ ಮಾಡಿ, ಬದಲಿ ಗಾಡಿಗೆ ಹೇಳಿಬಿಡಿ. ಕ್ಯಾನುಗಳನ್ನು ನೆರಳಿಗೆ ಸರಿಸಿ ಒದ್ದೆ ಗೋಣಿಚೀಲ ಹೊದಿಸಿ. ಆಮೇಲೆ ಗಾಡಿ.

ಟರ್ಮಿನಲ್ ಕೈಯಿಂದ ಅಲುಗಾಡಿಸಿ. ಅಲುಗಿದರೆ ಉಜ್ಜಿ ಬಿಗಿಯಿರಿ, ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ. ಯಾಂತ್ರಿಕ ಪಂಪಿನ ಗಾಡಿಯಾದರೆ ತಳ್ಳಿ ಎರಡನೆಯ ಗೇರಿನಲ್ಲಿ ಸ್ಟಾರ್ಟ್ ಮಾಡಬಹುದು. ಕಾಮನ್ ರೈಲ್ ಎಂಜಿನ್ನಿನ ಗಾಡಿಗೆ ಒಳಗಿನ ಕಂಪ್ಯೂಟರ್ ನಡೆಯಲು ವಿದ್ಯುತ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಏಳುವುದಿಲ್ಲ.

ಇನ್ನೊಂದು ಬ್ಯಾಟರಿಯಿಂದ ಕೇಬಲ್ ಕೊಡುವುದಾದರೆ 12 ವೋಲ್ಟಿನ ಪಿಕಪ್ ಅಥವಾ 12 ವೋಲ್ಟಿನ ಟ್ರ್ಯಾಕ್ಟರಿನಿಂದ ಮಾತ್ರ. ಬಸ್ಸು, ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ, ಅದನ್ನು ಕೊಟ್ಟರೆ ನಿಮ್ಮ ಗಾಡಿಯ ಸಾಮಾನುಗಳು ಸುಟ್ಟುಹೋಗುತ್ತವೆ. ಕ್ರಮ ಹೀಗೆ: ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ನಿಂತ ಗಾಡಿಯ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ತೆಗೆಯುವಾಗ ಹಿಂದುಮುಂದಾಗಿ.

ಯಾವಾಗ ಏನು ನೋಡಬೇಕು

ದಿನವೂ: ಕೀಲಿ ತಿರುಗಿಸಿದಾಗ ಕೆಂಪು ದೀಪ ಹೊತ್ತಿತೇ, ಸ್ಟಾರ್ಟ್ ಆದ ಮೇಲೆ ಆರಿತೇ. ಹಿಂದಿನ ದೀಪ, ಬ್ರೇಕ್ ದೀಪ ಉರಿಯುತ್ತವೆಯೇ.

ವಾರಕ್ಕೊಮ್ಮೆ: ಟರ್ಮಿನಲ್ ಬಿಗಿ, ಬ್ಯಾಟರಿ ನೀರು, ಇಲಿಯ ಗುರುತು.

ತಿಂಗಳಿಗೊಮ್ಮೆ: ನಿಂತಾಗಿನ ವೋಲ್ಟ್, ಸೆಲ್ಫ್ ಹೊಡೆಯುವಾಗಿನ ವೋಲ್ಟ್, ಎಂಜಿನ್ ಓಡುವಾಗಿನ ವೋಲ್ಟ್. ಈ ಮೂರು ಅಂಕಿಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ತಾರೀಖು ಹಾಕಿ ಬರೆದಿಡಿ. ಹಸು ಹಾಲು ಇಳಿಸಿದ್ದನ್ನು ಲೆಕ್ಕದಿಂದ ಹಿಡಿಯುವಂತೆ, ಗಾಡಿ ಕೈಕೊಡುವುದನ್ನೂ ಮೊದಲೇ ಹಿಡಿಯಬಹುದು.

ಮಳೆಗಾಲಕ್ಕೆ ಮೊದಲು: ಬ್ಯಾಟರಿ, ಎಂಜಿನ್, ಚಾಸಿ, ಹಿಂದಿನ ದೀಪ ಈ ನಾಲ್ಕು ಕಡೆಯ ಅರ್ತ್ ಬಿಚ್ಚಿ, ಉಜ್ಜಿ, ಬಿಗಿದು, ವ್ಯಾಸಲೀನ್ ಸವರುವುದು.

ವೈರಿಂಗ್ ಪೂರ್ತಿ ಸುಟ್ಟಿದ್ದರೆ, ಡೈನಮೋ ಒಳಗೇ ಕೆಟ್ಟಿದ್ದರೆ ಅದು ಆಟೋ ಎಲೆಕ್ಟ್ರಿಷಿಯನ್ ಕೆಲಸ. ಆದರೆ ಅಂಗಡಿಗೆ ಹೋಗುವಾಗ ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ನಿಂತಾಗ 12.6, ಸೆಲ್ಫ್ ಹೊಡೆದಾಗ 10.8, ಅರ್ತ್ ಕಡೆ 1.9 ಕಳೀತಿದೆ’ ಎಂದು ಹೇಳಿ. ಒಳ್ಳೆಯ ಕೆಲಸಗಾರನಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ, ನಿಮಗೆ ಬೇಡದ ಬ್ಯಾಟರಿಯ ಖರ್ಚು ಉಳಿಯುತ್ತದೆ. ನಾಳೆ ಬೆಳಿಗ್ಗೆ ಕ್ಯಾನು ಹೇರುವ ಮುನ್ನ ಎರಡು ನಿಮಿಷ ಬಾನೆಟ್ ಎತ್ತಿ, ಟರ್ಮಿನಲ್ ಮುಟ್ಟಿ ನೋಡಿ. ಅಲ್ಲಿಂದಲೇ ಆರಂಭಿಸೋಣ.